ನೂರಕ್ಕೆ ಹತ್ತು ಲೋಹ: ಯುದ್ಧಕಾಲದ ಡ್ರಮ್ಮುಗಳ ಕಥೆ

1942ರ ಮೊದಲ ತಿಂಗಳುಗಳಲ್ಲಿ ಅಮೆರಿಕದ ಯುದ್ಧೋತ್ಪಾದನಾ ಮಂಡಳಿಯು ಸಂಗೀತ ವಾದ್ಯಗಳ ತಯಾರಿಕೆಯನ್ನು ಕುರಿತು ಒಂದು ಆಜ್ಞೆ ಹೊರಡಿಸಿತು. ಕಡತಗಳ ಭಾಷೆಯಲ್ಲಿ ಅದರ ಹೆಸರು ಎಲ್-37. ವಾದ್ಯಗಳಿಗೆ ಬಳಸುವ ಲೋಹವನ್ನು ಮೊದಲು ಇಳಿಸಿದರು. ಅದೇ ವರ್ಷದ ಬೇಸಿಗೆಯ ಹೊತ್ತಿಗೆ ಮಿತಿ ಇನ್ನೂ ಬಿಗಿಯಾಗಿ, ಯಾವುದೇ ವಾದ್ಯದ ಒಟ್ಟು ತೂಕದಲ್ಲಿ ಯುದ್ಧಕ್ಕೆ ಬೇಕಾದ ಪದಾರ್ಥಗಳು ನೂರಕ್ಕೆ ಹತ್ತನ್ನು ಮೀರಕೂಡದು ಎಂಬಲ್ಲಿಗೆ ಬಂದು ನಿಂತಿತು. ತುತ್ತೂರಿ, ಸ್ಯಾಕ್ಸೊಫೋನುಗಳಂಥ ಪೂರ್ಣ ಹಿತ್ತಾಳೆಯ ವಾದ್ಯಗಳಿಗೆ ಇದು ಅಲ್ಲಿಗೆ ಮಂಗಳಾರತಿ ಹಾಡಿದಂತೆ. ತಯಾರಕರು ಯಂತ್ರಗಳನ್ನು ಬೇರೆ ಕೆಲಸಕ್ಕೆ ತಿರುಗಿಸಿದರು. ಆದರೆ ಡ್ರಮ್ಮಿನ ಒಡಲು ಮರದ್ದು, ಮುಖ ಕರುವಿನ ತೊಗಲಿನದು. ಉಳಿದದ್ದನ್ನು ಹೇಗಾದರೂ ಹತ್ತರೊಳಗೆ ತಂದುಬಿಟ್ಟರೆ ಕಾರ್ಖಾನೆ ಬಾಗಿಲು ಮುಚ್ಚಬೇಕಾಗಿರಲಿಲ್ಲ. ಹಾಗೆ ಹತ್ತರೊಳಗೆ ತಂದ ಡ್ರಮ್ಮುಗಳು ಸುಮಾರು ಮೂರು ವರ್ಷ ಮಾರುಕಟ್ಟೆಯಲ್ಲಿದ್ದವು. ಯುದ್ಧ ಮುಗಿದೊಡನೆ ಅವನ್ನು ಮಾಡಿದವರೂ ಕೊಂಡವರೂ ಮರೆತರು. ಈಗ ಅವನ್ನು ಹುಡುಕಿಕೊಂಡು ಊರೂರು ಅಲೆಯುವ ಸಂಗ್ರಾಹಕರಿದ್ದಾರೆ. ಒಂದು ತಾತ್ಕಾಲಿಕ ವಸ್ತು ಹೀಗೆ ಇತಿಹಾಸದ ವಸ್ತುವಾದ ಬಗೆಯನ್ನು ಇಲ್ಲಿ ನೋಡೋಣ.

ಮೊದಲು, ಡ್ರಮ್ಮಿಗೆ ಲೋಹವೇಕೆ ಎಂಬ ಪ್ರಶ್ನೆ. ನಮ್ಮ ಡೊಳ್ಳಿಗೆ ಲೋಹ ಬೇಕಿಲ್ಲ. ಹಗ್ಗ ಬಿಗಿದರೆ ಸಾಕು. ತಬಲಾದಲ್ಲಿ ತೊಗಲಿನ ಪಟ್ಟಿಗಳ ಅಡಿ ತೂರಿಸಿದ ಮರದ ಗಟ್ಟಾಗಳನ್ನು ಸುತ್ತಿಗೆಯಿಂದ ಕೆಳಕ್ಕೆ ಇಳಿಸಿದರೆ ಶ್ರುತಿ ಏರುತ್ತದೆ. ಯುರೋಪು ಅಮೆರಿಕಗಳ ಸೈನ್ಯದ ಡ್ರಮ್ಮುಗಳೂ ಹತ್ತೊಂಬತ್ತನೆಯ ಶತಮಾನದಲ್ಲಿ ಬಹುಪಾಲು ಹೀಗೆಯೇ ಇದ್ದವು: ಮೇಲಿಂದ ಕೆಳಕ್ಕೆ ಓರೆಯಾಗಿ ಹೆಣೆದ ಹಗ್ಗ, ಆ ಹಗ್ಗದ ಮೇಲೆ ಜಾರುವ ತೊಗಲಿನ ಕಿವಿಗಳು, ಕಿವಿಯನ್ನು ಎಳೆದರೆ ಬಿಗಿ. ಕಾರ್ಖಾನೆಯ ಯುಗ ಬಂದ ಮೇಲೆ ಹಗ್ಗದ ಸ್ಥಾನಕ್ಕೆ ತಿರುಪಿನ ಕಡ್ಡಿ ಬಂತು. ತೊಗಲನ್ನು ಅದುಮಿ ಹಿಡಿಯಲು ಬಾಯಿಯ ಸುತ್ತ ಒಂದು ಬಳೆ, ಬಳೆಯನ್ನು ಕೆಳಕ್ಕೆ ಎಳೆಯಲು ಆರೋ ಎಂಟೋ ಕಡ್ಡಿಗಳು, ಕಡ್ಡಿಯ ತುದಿ ತಿರುಪಿಕೊಳ್ಳಲು ಒಡಲಿಗೆ ಬಿಗಿದ ಗೂಡುಗಳು. ಈ ಗೂಡಿಗೆ ವಾದಕರು ‘ಲಗ್’ ಎನ್ನುತ್ತಾರೆ. ಬಳೆ, ಕಡ್ಡಿ, ಲಗ್ ಈ ಮೂರರ ಮೇಲೆ ಇಡೀ ವಾದ್ಯದ ಶ್ರುತಿ ನಿಂತಿದೆ. ಕರುವಿನ ತೊಗಲು ಮಳೆಗಾಲದಲ್ಲಿ ಸಡಿಲಗೊಂಡು ಬಿಸಿಲಿಗೆ ಸೆಟೆದುಕೊಳ್ಳುವ ಜಾತಿಯದು. ಪ್ಲಾಸ್ಟಿಕ್ ಹಾಳೆಯ ಹೊದಿಕೆ ಬಳಕೆಗೆ ಬಂದದ್ದು 1957ರ ಸುಮಾರಿಗೆ. ಆದ್ದರಿಂದ ಅಲ್ಲಿಯವರೆಗೆ ಈ ತಿರುಪುಗಳಿಗೆ ಪ್ರತಿದಿನವೂ, ಕೆಲವೊಮ್ಮೆ ಒಂದೇ ಕಛೇರಿಯಲ್ಲಿ ಹಲವು ಸಲ, ಕೆಲಸವಿರುತ್ತಿತ್ತು.

1930ರ ದಶಕ ಈ ಲೋಹಕ್ಕೆ ಮೆರುಗು ತಂದ ಕಾಲ. ಸ್ವಿಂಗ್ ಸಂಗೀತ ಅಮೆರಿಕದ ಜನಪ್ರಿಯ ಸಂಗೀತವಾಗಿತ್ತು. ಅದುವರೆಗೆ ಹಿಂದಿನ ಸಾಲಿನಲ್ಲಿ ಕೂತು ಕಾಲ ಹಿಡಿಯುತ್ತಿದ್ದ ಡ್ರಮ್ ವಾದಕ ವೇದಿಕೆಯ ನಟನಾದ. ಬೆನ್ನಿ ಗುಡ್‌ಮನ್ ತಂಡದ ಜೀನ್ ಕ್ರುಪಾ ಅವರಲ್ಲಿ ಮುಖ್ಯ. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ, ಶಾಸ್ತ್ರೀಯ ಸಂಗೀತದ ಆ ದೇಗುಲದಲ್ಲಿ, ಅವರು ಡ್ರಮ್ ಬಾರಿಸಿದ್ದನ್ನು ಜಾಸ್ ಚರಿತ್ರೆಯ ಪುಸ್ತಕಗಳು ಇಂದಿಗೂ ವರ್ಣಿಸುತ್ತವೆ. ಕ್ರುಪಾ ಬಳಸುತ್ತಿದ್ದುದು ಚಿಕಾಗೋದ ಸ್ಲಿಂಗರ್‌ಲ್ಯಾಂಡ್ ಕಂಪನಿಯ ‘ರೇಡಿಯೊ ಕಿಂಗ್’ ಡ್ರಮ್ಮುಗಳನ್ನು. ಬ್ಯಾಂಜೊ ಮಾಡುತ್ತಿದ್ದ ಈ ಕಂಪನಿ ಡ್ರಮ್ಮಿಗೆ ಕೈಹಾಕಿದ್ದೇ 1920ರ ದಶಕದ ಕೊನೆಯಲ್ಲಿ. ಹತ್ತೇ ವರ್ಷಗಳಲ್ಲಿ ದೇಶದ ಮುಂಚೂಣಿಗೆ ಬಂದಿತ್ತು. ಅದರ ಸ್ನೇರ್ ಡ್ರಮ್ಮಿನ ಒಡಲು ಮೇಪಲ್ ಮರದ ಒಂದೇ ಹಲಗೆಯನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ್ದು. ಅದರ ಸುತ್ತ ಹೊಳೆಯುವ ಬಳೆಗಳು, ಎರಕದ ಲಗ್ಗುಗಳು, ಅವಕ್ಕೆ ನಿಕಲ್ ಅಥವಾ ಕ್ರೋಮಿಯಮ್ ಲೇಪ. ವೇದಿಕೆಯ ದೀಪ ಬಿದ್ದಾಗ ಕೂತವರ ಕಣ್ಣಿಗೆ ಕಾಣುವುದು ಮರವಲ್ಲ, ಈ ಲೋಹ.

ಆ ಲೋಹದ ಒಂದೊಂದು ತುಣುಕಿಗೂ 1942ರಲ್ಲಿ ಬೇರೆ ಹಕ್ಕುದಾರರಿದ್ದರು. ಹಿತ್ತಾಳೆ ಎಂದರೆ ತೋಟಾ. ಕೋವಿಯ ಗುಂಡಿನ ಕೋಶಕ್ಕೆ ಬೇಕಾದದ್ದು ಏಳು ಪಾಲು ತಾಮ್ರ, ಮೂರು ಪಾಲು ಸತು. ನಿಕಲ್ ಮತ್ತು ಕ್ರೋಮಿಯಮ್ ಎಂದರೆ ಗಟ್ಟಿ ಉಕ್ಕು, ಟ್ಯಾಂಕಿನ ಕವಚ. ತವರದ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು: ಜಗತ್ತಿನ ತವರದ ಬಹುದೊಡ್ಡ ಪಾಲು ಬರುತ್ತಿದ್ದ ಮಲಯ ಜಪಾನೀಯರ ಕೈಸೇರಿತ್ತು, 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾಯಿತು. ತವರವಿಲ್ಲದೆ ಕಂಚಿಲ್ಲ. ಡ್ರಮ್ಮಿನ ಜೊತೆಗಾರ್ತಿಯಾದ ಸಿಂಬಲ್ ತಾಳಕ್ಕೆ ಬೇಕಾದದ್ದು ನೂರಕ್ಕೆ ಎಂಬತ್ತು ತಾಮ್ರ, ಇಪ್ಪತ್ತು ತವರ. ಹೆಚ್ಚುಕಡಿಮೆ ಗುಡಿಯ ಗಂಟೆಯ ಪಾಕವೇ ಅದು. ಈ ಹೋಲಿಕೆ ಯುರೋಪಿನಲ್ಲಿ ಭೀಕರ ರೂಪ ತಾಳಿತು. ನಾಜಿ ಆಡಳಿತ ತನ್ನ ಕೈಗೆ ಸಿಕ್ಕ ದೇಶಗಳ ಚರ್ಚುಗಳಿಂದ ಸುಮಾರು 1,75,000 ಗಂಟೆಗಳನ್ನು ಇಳಿಸಿ ಸಾಗಿಸಿತು. ಅವುಗಳಲ್ಲಿ ಸುಮಾರು 1,50,000 ಕರಗಿ ಹೋದವು. ಕರಗಿಸಲು ಸರದಿ ಕಾಯುತ್ತ ಹ್ಯಾಂಬರ್ಗಿನ ಬಂದರಿನಲ್ಲಿ ಸಾಲುಸಾಲಾಗಿ ಬಿದ್ದಿದ್ದ ಗಂಟೆಗಳ ರಾಶಿಗೆ ಜರ್ಮನರು ಇಟ್ಟ ಹೆಸರು ‘ಗಂಟೆಗಳ ಸ್ಮಶಾನ’. ಅದರ ಪಕ್ಕಕ್ಕಿಟ್ಟು ನೋಡಿದರೆ ಚಿಕಾಗೋದ ಡ್ರಮ್ ಕಾರ್ಖಾನೆಗೆ ಬಂದ ಆಜ್ಞೆ ಬಲು ಸೌಮ್ಯ.

ನಾಣ್ಯಗಳಲ್ಲಿ ಈ ಕೊರತೆ ಸಾಮಾನ್ಯನ ಅಂಗೈಗೇ ಬಂದಿತ್ತು. 1943ರ ಅಮೆರಿಕನ್ ಸೆಂಟ್ ನಾಣ್ಯ ತಾಮ್ರವನ್ನು ಬಿಟ್ಟು ಸತು ಬಳಿದ ಉಕ್ಕಿನದಾಯಿತು. ಐದು ಸೆಂಟಿನ ನಾಣ್ಯಕ್ಕೆ ‘ನಿಕಲ್’ ಎಂದೇ ಅಡ್ಡಹೆಸರು. ಯುದ್ಧದ ಆ ವರ್ಷಗಳಲ್ಲಿ ಅದರಲ್ಲಿ ನಿಕಲ್ ಒಂದು ಚೂರೂ ಇರಲಿಲ್ಲ, ಬದಲಿಗೆ ಬೆಳ್ಳಿ ಸೇರಿತ್ತು. ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಈಗಲೂ ಸಿಗುವ ತೂತಿನ ಕಾಸು ಇದೇ ಕಾಲದ ಕೂಸು. 1943ರಿಂದ 1947ರವರೆಗೆ ಭಾರತದಲ್ಲಿ ಟಂಕಿಸಿದ ಆ ಒಂದು ಪೈಸೆಯ ನಡುವಿನ ತೂತು ಅಂದಕ್ಕಾಗಿ ಮಾಡಿದ್ದಲ್ಲ, ಲೋಹ ಉಳಿಸಲು ಮಾಡಿದ್ದು. ಮಕ್ಕಳ ಉಡಿದಾರಕ್ಕೆ ಅದನ್ನು ಕಟ್ಟುತ್ತಿದ್ದ ಅಜ್ಜಿಯರಿಗೆ ಸಿಂಗಪುರದ ಪತನದ ಸುದ್ದಿ ತಲುಪಿರಲಿಕ್ಕಿಲ್ಲ. ಅದರ ಪರಿಣಾಮ ತಲುಪಿತ್ತು.

ಇನ್ನು ಡ್ರಮ್ಮುಗಳಿಗೆ ಬರೋಣ. ಸ್ಲಿಂಗರ್‌ಲ್ಯಾಂಡ್ ಹೊರತಂದ ಯುದ್ಧಕಾಲದ ಮಾದರಿಗೆ ‘ರೋಲಿಂಗ್ ಬಾಂಬರ್’ ಎಂದು ಹೆಸರು. ಎರಡು ಕೋಲುಗಳಿಂದ ಎಡೆಬಿಡದೆ ನುಡಿಸುವ ನಾದಕ್ಕೆ ‘ರೋಲ್’ ಎಂಬುದು ಡ್ರಮ್ಮಿನ ಪರಿಭಾಷೆ. ಬಾಂಬರ್ ಎಂದರೆ ಬಾಂಬು ಹಾಕುವ ವಿಮಾನ. ಸಂಗೀತದ ಶಬ್ದವನ್ನು ಯುದ್ಧದ ಶಬ್ದಕ್ಕೆ ಗಂಟುಹಾಕಿದ ಈ ಹೆಸರು ಇಂದು ಕೇಳಿದರೆ ಸ್ವಲ್ಪ ಮುಜುಗರವಾಗುತ್ತದೆ. ಆ ಕಾಲದ ಜಾಹೀರಾತಿಗೆ ಇದು ಸಹಜವಾಗಿತ್ತು. ಎಲ್ಲರೂ ತಮ್ಮ ಸರಕಿಗೆ ವಿಜಯದ ಹೆಸರಿಡುತ್ತಿದ್ದರು. ಹೆಸರಿಗಿಂತ ಆ ಡ್ರಮ್ಮಿನ ಕಟ್ಟೋಣ ಮುಖ್ಯ. ಎರಕದ ಲಗ್ಗುಗಳ ಜಾಗದಲ್ಲಿ ಬೀಟೆಯಂಥ ಗಟ್ಟಿ ಮರವನ್ನು ಕಡೆದು ಕೂರಿಸಿದರು. ಲೋಹದ ಬಳೆಯ ಜಾಗಕ್ಕೆ ಮರದ ಬಳೆ ಬಂತು. ಕಾಲಿನ ಪೆಡಲಿನಲ್ಲೂ ಆದಷ್ಟು ಮರ ಬಂತು. ಆದರೆ ತಿರುಪಿನ ಕಡ್ಡಿಯನ್ನು ಮರದಿಂದ ಮಾಡಲಾಗದು. ಸ್ಪ್ರಿಂಗನ್ನು ಮಾಡಲಾಗದು. ಮರೆಯ ಮೊಳೆಗಳನ್ನೂ ಮಾಡಲಾಗದು. ಹಾಗಾಗಿ ಸಿಕ್ಕ ನೂರಕ್ಕೆ ಹತ್ತರಷ್ಟು ಲೋಹವನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ಪ್ರತಿ ಡ್ರಮ್ಮಿನ ಮುಂದೆಯೂ ಕೂತು ಮಾಡಬೇಕಾದ ಲೆಕ್ಕವಾಯಿತು. ಬಡವರ ಮನೆಯ ಮದುವೆಯಲ್ಲಿ ತುಪ್ಪ ಬಡಿಸುವ ಹಾಗೆ, ಎಲ್ಲಿ ಇಲ್ಲದಿದ್ದರೆ ನಡೆಯುವುದೇ ಇಲ್ಲವೋ ಅಲ್ಲಿಗೆ ಮಾತ್ರ.

ಈ ಲೆಕ್ಕ ತೂಕದ್ದು ಎಂಬುದನ್ನು ಗಮನಿಸಬೇಕು. ದೊಡ್ಡ ಬಾಸ್ ಡ್ರಮ್ಮಿನ ಒಡಲೇ ಭಾರ. ಅದರ ಹತ್ತರಲ್ಲೊಂದು ಪಾಲು ಎಂದರೆ ಸಾಕಷ್ಟು ಲೋಹ. ಮೇಲಾಗಿ ಬಾಸ್ ಡ್ರಮ್ಮಿನ ಬಳೆ ಮೊದಲಿನಿಂದಲೂ ಮರದ್ದೇ. ಅಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಕಷ್ಟವಾದದ್ದು ಪುಟ್ಟ ಸ್ನೇರ್ ಡ್ರಮ್ಮಿನಲ್ಲಿ. ಅದರ ಒಡಲು ಹಗುರ. ಆದರೆ ತಂತಿಗಳನ್ನು ಕೆಳಮುಖಕ್ಕೆ ತಾಗಿಸಿ ಬಿಡುವ ಸನ್ನೆಗೋಲು, ಎರಡೂ ಮುಖಗಳ ಬಿಗಿತ, ಬಳೆಯ ಮೇಲೇ ಕೋಲು ಬಡಿಯುವ ಅಭ್ಯಾಸ ಎಲ್ಲವೂ ಅಲ್ಲಿಯೇ ಕೂಡಿವೆ. ಮರದ ಬಳೆಗೆ ಬಡಿದರೆ ಲೋಹದ ಚುರುಕಾದ ‘ಟಣ್’ ಬಾರದೆ ಮೆತ್ತನೆಯ ‘ಟಕ್’ ಬರುತ್ತದೆ. ಗಟ್ಟಿಯಾಗಿ ಬಡಿಯುತ್ತ ಬಂದರೆ ಬಳೆಯ ಅಂಚು ಜಜ್ಜಿಹೋಗುತ್ತದೆ. ಆ ಕಾಲದ ವಾದಕರಲ್ಲಿ ಹಲವರು ಇವನ್ನು ದಿನ ದೂಡುವ ವಾದ್ಯಗಳೆಂದಷ್ಟೇ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಚಿಕಾಗೋದ ಇನ್ನೊಂದು ಕಂಪನಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಯುದ್ಧಕಾಲದ ಮಾದರಿಯ ಹೆಸರು ‘ವಿಕ್ಟೋರಿಯಸ್’; ಡ್ರಮ್ಮಿನ ಮೇಲಿದ್ದ ಕಂಪನಿಯ ಗುರುತು ಡಬ್ಲ್ಯು.ಎಫ್.ಎಲ್. ಎಂಬ ಮೂರಕ್ಷರ. ಅವು ವಿಲಿಯಂ ಎಫ್. ಲುಡ್ವಿಗ್ ಎಂಬವರ ಹೆಸರಿನ ಮೊದಲಕ್ಷರಗಳು. 1909ರಲ್ಲಿ ತಮ್ಮನೊಡನೆ ಸೇರಿ, ತಾವೇ ರೂಪಿಸಿದ ಕಾಲ್ಪೆಡಲೊಂದನ್ನು ಮಾರುತ್ತ ಉದ್ಯಮ ಕಟ್ಟಿದವರು ಅವರು. 1929-30ರ ಹೊತ್ತಿಗೆ, ಆರ್ಥಿಕ ಕುಸಿತ ಮತ್ತು ಮಾತನಾಡುವ ಚಿತ್ರಗಳ ಆಗಮನ ಎರಡೂ ಸೇರಿ ಡ್ರಮ್ಮಿನ ವ್ಯಾಪಾರವನ್ನು ಮುರಿದಿದ್ದವು. ಮೂಕಿ ಚಿತ್ರಗಳಿಗೆ ಹಿನ್ನೆಲೆ ನುಡಿಸುತ್ತಿದ್ದ ಸಾವಿರಾರು ವಾದಕರು ಕೆಲಸ ಕಳೆದುಕೊಂಡಿದ್ದರು. ಆಗ ಲುಡ್ವಿಗ್ ಸಂಸ್ಥೆ ಎಲ್ಕಾರ್ಟಿನ ಕಾನ್ ಕಂಪನಿಯ ಪಾಲಾಯಿತು. ಅಲ್ಲಿ ನೌಕರರಾಗಿ ಕೆಲವು ವರ್ಷ ದುಡಿದು ಹೊರಬಂದ ಲುಡ್ವಿಗ್ 1937ರಲ್ಲಿ ಚಿಕಾಗೋದಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿದರು. ಆದರೆ ತಮ್ಮ ಮನೆತನದ ಹೆಸರನ್ನು ಡ್ರಮ್ಮಿನ ಮೇಲೆ ಹಾಕುವ ಹಕ್ಕು ಅವರಿಗಿರಲಿಲ್ಲ. ಅದು ಮಾರಾಟವಾಗಿ ಹೋಗಿತ್ತು. ಹಾಗಾಗಿ ಬರಿಯ ಮೂರಕ್ಷರ. ಹೊಸ ಉದ್ಯಮ ಇನ್ನೂ ಐದು ವರ್ಷದ ಕೂಸಾಗಿದ್ದಾಗ ಲೋಹವೂ ಹೋಯಿತು. ಹೆಸರೂ ಇಲ್ಲದೆ ಲೋಹವೂ ಇಲ್ಲದೆ ಈ ಮನುಷ್ಯ ಡ್ರಮ್ ಮಾಡಿ ಮಾರಿದ್ದು ಯುದ್ಧಕಾಲದ ಉದ್ಯಮ ಚರಿತ್ರೆಯ ಒಂದು ಸಣ್ಣ ಸಾಹಸ. ಲುಡ್ವಿಗ್ ಎಂಬ ಹೆಸರನ್ನು ಆ ಕುಟುಂಬ ಹಣ ಕೊಟ್ಟು ಮರಳಿ ಪಡೆದದ್ದು 1955ರಲ್ಲಿ. ಅದಾಗಿ ಒಂಬತ್ತು ವರ್ಷಕ್ಕೆ ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಅವರ ಬಾಸ್ ಡ್ರಮ್ಮಿನ ಮೇಲೆ ಆ ಹೆಸರನ್ನು ಕೋಟ್ಯಂತರ ಜನ ದೂರದರ್ಶನದಲ್ಲಿ ಓದಿದರು.

ಉಳಿದ ವಾದ್ಯಗಳವರು ಏನು ಮಾಡಿದರು? ಕಾನ್ ಕಂಪನಿ ದಿಕ್ಸೂಚಿ, ವಿಮಾನದ ಎತ್ತರಮಾಪಕ ಮುಂತಾದ ಉಪಕರಣಗಳಿಗೆ ಇಳಿಯಿತು. ಸ್ಟೈನ್‌ವೇ ಪಿಯಾನೊ ಕಂಪನಿ ಸೈನ್ಯದ ಗ್ಲೈಡರುಗಳ ಮರದ ಭಾಗಗಳನ್ನು ಮಾಡಿತು. ಮುಂದೆ ಸರ್ಕಾರದ ಅನುಮತಿ ಪಡೆದು ಸೈನಿಕರಿಗಾಗಿಯೇ ಒಂದು ಪುಟ್ಟ ಪಿಯಾನೊ ತಯಾರಿಸಿತು. ಸೈನ್ಯದ ಹಸಿರು ಬಣ್ಣ ಬಳಿದ ಆ ಪಿಯಾನೊದಲ್ಲಿದ್ದ ಲೋಹ ಸಾಮಾನ್ಯ ಪಿಯಾನೊದ ಹತ್ತರಲ್ಲೊಂದು ಪಾಲು ಮಾತ್ರ. ಮಂದ್ರದ ತಂತಿಗಳಿಗೆ ತಾಮ್ರದ ಬದಲು ಕಬ್ಬಿಣ ಸುತ್ತಿದ್ದರು. ಇಂಗ್ಲೆಂಡಿನ ಪ್ರೀಮಿಯರ್ ಡ್ರಮ್ ಕಂಪನಿಯ ಪಾಡು ಬೇರೆ: ಅದರ ಲಂಡನ್ ಕಾರ್ಖಾನೆ 1940ರ ಬಾಂಬು ದಾಳಿಯಲ್ಲಿ ನಾಶವಾಗಿ, ಲೆಸ್ಟರ್ ನಗರದ ಸಮೀಪದ ವಿಗ್‌ಸ್ಟನ್ನಿಗೆ ಬೇರು ಕಿತ್ತುಕೊಂಡು ಹೋಗಬೇಕಾಯಿತು.

ಲೋಹವಿಲ್ಲದ ಡ್ರಮ್ಮುಗಳನ್ನು ನುಡಿಸಿದವರಾರು ಎಂದು ಕೇಳಿದರೆ, ನುಡಿಸುವವರದೂ ಕೊರತೆಯಿತ್ತು. ದೊಡ್ಡ ತಂಡಗಳ ಯುವಕರು ಸೈನ್ಯಕ್ಕೆ ಸೇರಿದ್ದರು. ಪೆಟ್ರೋಲು ಮತ್ತು ಟೈರುಗಳಿಗೆ ಪಡಿತರ ಬಂದು ಊರಿಂದೂರಿಗೆ ಬಸ್ಸಿನಲ್ಲಿ ತಿರುಗುವುದು ದುಸ್ತರವಾಯಿತು. 1944ರಲ್ಲಿ ಹಾಡು ಕುಣಿತಗಳಿರುವ ಹೋಟೆಲುಗಳ ಮೇಲೆ ನೂರಕ್ಕೆ ಮೂವತ್ತರ ತೆರಿಗೆ ಬಿತ್ತು. ಕೆಲವೇ ತಿಂಗಳಲ್ಲಿ ಅದು ಇಪ್ಪತ್ತಕ್ಕೆ ಇಳಿದರೂ ಏಟು ಬಿದ್ದಾಗಿತ್ತು. ಈ ತೆರವಿನಲ್ಲಿ ಮಹಿಳಾ ವಾದಕರು ಮುಂದೆ ಬಂದರು. ವಯೋಲಾ ಸ್ಮಿತ್ ಎಂಬ ಡ್ರಮ್ ವಾದಕಿ 1942ರಲ್ಲಿ ‘ಡೌನ್ ಬೀಟ್’ ಪತ್ರಿಕೆಯಲ್ಲಿ ಲೇಖನ ಬರೆದು, ಸೈನ್ಯಕ್ಕೆ ಹೋದವರ ಜಾಗಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಿ ಎಂದು ತಂಡದ ನಾಯಕರನ್ನು ನೇರವಾಗಿ ಕೇಳಿದರು. ಹೆಗಲಿನ ಎತ್ತರಕ್ಕೆ ಎರಡು ದೊಡ್ಡ ಟಾಮ್ ಡ್ರಮ್ಮುಗಳನ್ನಿಟ್ಟು ಒಟ್ಟು ಹನ್ನೆರಡು ಡ್ರಮ್ಮುಗಳ ನಡುವೆ ಕೂತು ನುಡಿಸುತ್ತಿದ್ದ ಈಕೆ 2020ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ಡ್ರಮ್ ಚರಿತ್ರೆಯ ಪುಸ್ತಕಗಳಲ್ಲಿ ಇಂಥವರಿಗೆ ಸಿಕ್ಕ ಪುಟಗಳು ಲಗ್ಗುಗಳ ಆಕಾರಕ್ಕೆ ಸಿಕ್ಕ ಪುಟಗಳಿಗಿಂತ ಕಡಿಮೆ. ಸಂಗ್ರಾಹಕರ ಸಾಹಿತ್ಯದ ಬಗ್ಗೆ ನಮ್ಮ ಒಂದು ತಕರಾರು ಇದು.

ಆ ವರ್ಷಗಳ ಡ್ರಮ್ಮು ಹೇಗೆ ನುಡಿಯುತ್ತಿತ್ತು ಎಂಬುದನ್ನು ಧ್ವನಿಮುದ್ರಿಕೆಯಲ್ಲಿ ಕೇಳೋಣವೆಂದರೆ ಅಲ್ಲೂ ಒಂದು ಕಂದರವಿದೆ. 1942ರ ಆಗಸ್ಟ್ 1ರಿಂದ ಅಮೆರಿಕದ ವಾದಕರ ಸಂಘ, ಜೇಮ್ಸ್ ಪೆಟ್ರಿಲ್ಲೊ ಅವರ ನಾಯಕತ್ವದಲ್ಲಿ, ಧ್ವನಿಮುದ್ರಣದ ವಿರುದ್ಧ ಮುಷ್ಕರ ಹೂಡಿತು. ರೆಕಾರ್ಡು ಮತ್ತು ರೇಡಿಯೊ ಸೇರಿ ವಾದಕರ ಅನ್ನ ಕಸಿಯುತ್ತಿವೆ, ಪ್ರತಿ ಮುದ್ರಿಕೆಗೂ ಸಂಘಕ್ಕೆ ಪಾಲು ಬೇಕು ಎಂಬುದು ಬೇಡಿಕೆ. ಡೆಕ್ಕಾ ಕಂಪನಿ ಒಂದು ವರ್ಷದಲ್ಲಿ ಮಣಿಯಿತು. ವಿಕ್ಟರ್ ಮತ್ತು ಕೊಲಂಬಿಯಾಗಳು 1944ರ ನವೆಂಬರಿನವರೆಗೆ ಬಿಗಿಯಾಗಿ ಕೂತವು. ಅಂದರೆ ಮರದ ಲಗ್ಗಿನ ಡ್ರಮ್ಮುಗಳ ಆಯುಷ್ಯದ ಬಹುಪಾಲು ಕಾಲ ದೊಡ್ಡ ಸ್ಟುಡಿಯೊಗಳ ಬಾಗಿಲು ಮುಚ್ಚಿತ್ತು. ಇದೇ ಅವಧಿಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಬೀಬಾಪ್ ಎಂಬ ಹೊಸ ಜಾಸ್ ಹುಟ್ಟುತ್ತಿತ್ತು. ಕೆನ್ನಿ ಕ್ಲಾರ್ಕ್ ಎಂಬ ವಾದಕ ಕಾಲದ ಲೆಕ್ಕವನ್ನು ಸಿಂಬಲ್ಲಿಗೆ ವರ್ಗಾಯಿಸಿ, ಬಾಸ್ ಡ್ರಮ್ಮನ್ನು ಅನಿರೀಕ್ಷಿತ ಜಾಗಗಳಲ್ಲಿ ಒಂದೊಂದೇ ಏಟಿಗೆ ಬಳಸಿದರು. ಆ ಏಟಿಗೆ ವಾದಕರು ಇಟ್ಟ ಹೆಸರು ‘ಬಾಂಬು ಹಾಕುವುದು’. 1943ರಲ್ಲಿ ಕ್ಲಾರ್ಕ್ ಅವರನ್ನೂ ಸೈನ್ಯಕ್ಕೆ ಕರೆಸಿಕೊಂಡರು.

ಮುಷ್ಕರವಿಲ್ಲದಿದ್ದರೂ ರೆಕಾರ್ಡು ಒತ್ತಲು ಸಾಮಗ್ರಿ ಇರಲಿಲ್ಲ. ಇಲ್ಲಿ ಕಥೆ ನಮ್ಮ ನೆಲವನ್ನು ಮುಟ್ಟುತ್ತದೆ. ಆ ಕಾಲದ ಗ್ರಾಮಫೋನ್ ರೆಕಾರ್ಡಿನ ಜೀವದ್ರವ್ಯ ಅರಗು. ಮುತ್ತುಗ, ಕುಸುಮ ಮುಂತಾದ ಮರಗಳ ರೆಂಬೆಗಳ ಮೇಲೆ ಒಂದು ಪುಟ್ಟ ಕೀಟ ಸುರಿಸುವ ಅಂಟು ಅದು. ಜಗತ್ತಿನ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದ, ವಿಶೇಷವಾಗಿ ಛೋಟಾ ನಾಗಪುರದ ಕಾಡುಗಳಿಂದ, ಕಲಕತ್ತೆಯ ಬಂದರಿನ ಮೂಲಕ. ರಾಂಚಿಯ ಸಮೀಪದ ನಾಮ್‌ಕುಮ್‌ನಲ್ಲಿ ಅರಗಿನ ಸಂಶೋಧನೆಗೆಂದೇ 1920ರ ದಶಕದಲ್ಲಿ ಒಂದು ಸಂಸ್ಥೆ ಹುಟ್ಟಿತ್ತು. ಚನ್ನಪಟ್ಟಣದ ಬೊಂಬೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವ ಅರಗು ಇದೇ. ಸಮುದ್ರ ಮಾರ್ಗ ಅಪಾಯಕ್ಕೀಡಾದಾಗ, 1942ರ ಏಪ್ರಿಲಿನಲ್ಲಿ ಅಮೆರಿಕ ಸರ್ಕಾರ ರೆಕಾರ್ಡುಗಳಿಗೆ ಬಳಸುವ ಅರಗನ್ನು ನೂರಕ್ಕೆ ಎಪ್ಪತ್ತರಷ್ಟು ಕಡಿತ ಮಾಡಿತು. ಹಳೆಯ ರೆಕಾರ್ಡು ತಂದುಕೊಟ್ಟರೆ ಅದನ್ನು ಪುಡಿಮಾಡಿ ಹೊಸದನ್ನು ಒತ್ತುವ ಕಾಲ ಬಂತು. ಎಷ್ಟು ಹಳೆಯ ಸಂಗೀತ ಹೀಗೆ ಪುಡಿಯಾಯಿತೋ! ಸೈನಿಕರಿಗಾಗಿ 1943ರ ಅಕ್ಟೋಬರಿನಿಂದ ಸೈನ್ಯವೇ ಹೊರತಂದ ‘ವಿ-ಡಿಸ್ಕ್’ ಮುದ್ರಿಕೆಗಳಿಗೆ ಅರಗಿನ ಬದಲು ವಿನೈಲ್ ಬಳಸಿದರು. ಹಣ ಪಡೆಯದೆ ನುಡಿಸಬೇಕು, ವ್ಯಾಪಾರಕ್ಕೆ ಬಳಸಕೂಡದು ಎಂಬ ಷರತ್ತಿನ ಮೇಲೆ ವಾದಕರ ಸಂಘವೂ ಒಪ್ಪಿತು. ಯುದ್ಧಕಾಲದ ಡ್ರಮ್ಮಿನ ನಾದವನ್ನು ಹುಡುಕುವವರು ಇಂದು ಕಿವಿಗೊಡುವುದು ಈ ಮುದ್ರಿಕೆಗಳಿಗೆ ಮತ್ತು ಉಳಿದುಬಂದ ರೇಡಿಯೊ ಪ್ರಸಾರಗಳಿಗೆ.

ಅಭಾವ ಎಂಬ ಮಾತನ್ನು ಇಷ್ಟು ಸಲ ಬಳಸಿದ ಮೇಲೆ ಒಂದು ವಿಷಯ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅದೇ 1943ರಲ್ಲಿ, ಅದೇ ಕಲಕತ್ತೆಯ ಬೀದಿಗಳಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದರು. ಜಪಾನೀಯರಿಗೆ ಸಿಗಬಾರದೆಂದು ಬಂಗಾಳದ ಕರಾವಳಿಯ ದೋಣಿಗಳನ್ನು ಸರ್ಕಾರ ಮೊದಲೇ ವಶಪಡಿಸಿಕೊಂಡಿತ್ತು, ಭತ್ತವನ್ನು ಸಾಗಿಸಿತ್ತು. ಬರ್ಮಾದ ಅಕ್ಕಿ ನಿಂತಿತ್ತು. ಆ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು 30 ಲಕ್ಷದವರೆಗೂ ಎಣಿಸುತ್ತಾರೆ. ನಗರದ ದೊಡ್ಡ ಹೋಟೆಲಿನಲ್ಲಿ ಟೆಡ್ಡಿ ವೆದರ್‌ಫರ್ಡ್ ಎಂಬ ಕರಿಯ ಅಮೆರಿಕನ್ ಪಿಯಾನೊ ವಾದಕರ ತಂಡ ಮಿತ್ರಪಡೆಯ ಸೈನಿಕರಿಗಾಗಿ ಜಾಸ್ ನುಡಿಸುತ್ತಿದ್ದುದು ಇದೇ ವರ್ಷಗಳಲ್ಲಿ. 1945ರಲ್ಲಿ ಅವರು ಅಲ್ಲಿಯೇ ಕಾಲರಾದಿಂದ ತೀರಿಕೊಂಡರು. ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಆರಂಭವಾಗಿದ್ದ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಗಿ, ಈ ರಣರಂಗದ ವಿಮಾನಗಳ ದೊಡ್ಡ ದುರಸ್ತಿ ನೆಲೆಯಾಗಿತ್ತು. ಒಂದು ಕಡೆ ಡ್ರಮ್ಮಿಗೆ ಲೋಹವಿಲ್ಲ ಎಂಬ ಕೊರತೆ, ಇನ್ನೊಂದು ಕಡೆ ಅನ್ನವೇ ಇಲ್ಲ ಎಂಬ ಕೊರತೆ. ಇಂಗ್ಲಿಷಿನ ಸಂಗ್ರಾಹಕ ಪುಸ್ತಕಗಳು ಯುದ್ಧಕಾಲದ ತ್ಯಾಗವೆಂದು ಮರದ ಲಗ್ಗನ್ನು ಕೊಂಡಾಡುವಾಗ ಈ ಅಳತೆಯ ವ್ಯತ್ಯಾಸ ಕಾಣದೆ ಹೋಗುತ್ತದೆ. ಆ ಡ್ರಮ್ಮುಗಳನ್ನು ನಾವು ಗೌರವಿಸುವುದು ತ್ಯಾಗಕ್ಕಾಗಿ ಅಲ್ಲ, ಬಡಗಿಯ ಬುದ್ಧಿಗಾಗಿ.

ಸಂಗ್ರಹದ ವಿಷಯಕ್ಕೆ ಬಂದರೆ, ಇವು ಅಪರೂಪವಾಗಲು ಕಾರಣ ಕಡಿಮೆ ಸಂಖ್ಯೆಯಲ್ಲಿ ಮಾಡಿದ್ದು ಮಾತ್ರವಲ್ಲ. 1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ನವೆಂಬರಿನಲ್ಲಿ ಯುದ್ಧೋತ್ಪಾದನಾ ಮಂಡಳಿಯೇ ಮುಚ್ಚಿತು. ಕಾರ್ಖಾನೆಗಳು ಹಳೆಯ ಅಚ್ಚುಗಳ ಧೂಳು ಒರೆಸಿದವು. ಮರದ ಭಾಗಗಳನ್ನು ಯಾರೂ ಇಟ್ಟುಕೊಳ್ಳಲಿಲ್ಲ. ವಾದಕರು ಮಾಡಿದ ಮೊದಲ ಕೆಲಸ ಮರದ ಲಗ್ಗು ಕಿತ್ತು ಲೋಹದ್ದನ್ನು ಬಿಗಿಸಿದ್ದು. ಕಿತ್ತದ್ದು ಒಲೆಗೋ ತಿಪ್ಪೆಗೋ ಹೋಯಿತು. ಉಳಿದ ಶತ್ರು ಎಂದರೆ ಮರದ ಸ್ವಭಾವವೇ. ಲೋಹದ ಲಗ್ಗಿನಲ್ಲಿ ಬಿಗಿತ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಹೋಗುತ್ತದೆ, ಮರಕ್ಕೆ ಎಳೆಯಿದೆ. ಎಳೆಯ ಉದ್ದಕ್ಕೆ ಕೊರೆದ ತೂತಿನಲ್ಲಿ ತಿರುಪು ಬಿಗಿಯುತ್ತ ಹೋದರೆ ಒಂದು ದಿನ ಅದು ಎಳೆಗುಂಟ ಸೀಳುತ್ತದೆ. ಮರದ ಬಳೆ ವೃತ್ತಾಕಾರ ಕಳೆದುಕೊಂಡು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಎಂಟು ಲಗ್ಗುಗಳಲ್ಲಿ ಒಂದು ಸೀಳಿದರೂ ಡ್ರಮ್ಮು ಶ್ರುತಿಗೆ ನಿಲ್ಲದು. ಒಂದೇ ಲಗ್ಗು ಬದಲಿಸಲು ಅಂಗಡಿಯಲ್ಲಿ ಸಿಗದು. ಆಗ ಎಂಟನ್ನೂ ಕಿತ್ತು ಲೋಹದ್ದನ್ನು ಹಾಕುವುದೇ ಸುಲಭದ ದಾರಿಯಾಗಿತ್ತು.

ಅಮೆರಿಕದಲ್ಲಿ ಹಳೆಯ ಡ್ರಮ್ಮುಗಳ ಸಂಗ್ರಹ ಒಂದು ಶಿಸ್ತಾಗಿ ಬೆಳೆದದ್ದು ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ. ಕಂಪನಿಗಳ ಹಳೆಯ ಕ್ಯಾಟಲಾಗುಗಳ ಮರುಮುದ್ರಣ ಬಂತು, ಅದಕ್ಕೆಂದೇ ಪತ್ರಿಕೆಗಳು ಬಂದವು, ಚಿಕಾಗೋದಲ್ಲಿ ವರ್ಷಕ್ಕೊಮ್ಮೆ ಡ್ರಮ್ಮಿನ ಸಂತೆ ಸೇರತೊಡಗಿತು. ಮೊದಲಿಗೆ ಬೆಲೆ ಕಟ್ಟುತ್ತಿದ್ದುದು 1920ರ ದಶಕದ ಕೆತ್ತನೆಯ ಹಿತ್ತಾಳೆ ಡ್ರಮ್ಮುಗಳಿಗೆ, ಕ್ರುಪಾ ಕಾಲದ ರೇಡಿಯೊ ಕಿಂಗಿಗೆ. ಯುದ್ಧಕಾಲದ ಮರದ ಲಗ್ಗಿನವು ಬಹುಕಾಲ ಮೂಲೆಯ ಸರಕು. ಅವು ಎಷ್ಟು ಕಡಿಮೆ ಉಳಿದಿವೆ ಎಂಬ ಅರಿವು ಮೂಡಿದ ಮೇಲೆಯೇ ಅವುಗಳ ಕಡೆ ಕಣ್ಣು ಹೊರಳಿತು. ಬಿಡಿ ಸ್ನೇರ್ ಡ್ರಮ್ಮುಗಳು ಆಗಾಗ ಸಿಗುತ್ತವೆ. ಬಾಸ್, ಟಾಮ್, ಸ್ನೇರ್ ಎಲ್ಲವೂ ಒಂದೇ ಕಾಲದ್ದಾಗಿ, ಮೂಲ ಮರದ ಭಾಗಗಳೊಡನೆ ಇಡಿಯಾಗಿ ದೊರೆಯುವುದು ವಿರಳ.

ಕೊಳ್ಳುವವರು ಮೊದಲು ನೋಡುವುದು ಒಡಲಿನ ಒಳಮೈ. ಹೊರಗಿನ ಬಣ್ಣವನ್ನು ಯಾರು ಬೇಕಾದರೂ ಬಳಿಯಬಹುದು. ಒಳಗಿನ ತೂತು ಸುಳ್ಳು ಹೇಳುವುದಿಲ್ಲ. ಮರದ ಲಗ್ಗಿಗೆ ಕೊರೆದ ತೂತಿನ ಪಕ್ಕದಲ್ಲಿಯೇ ಇನ್ನೊಂದು ಜೊತೆ ತೂತುಗಳಿದ್ದರೆ ನಡುವೆ ಲೋಹದ ಲಗ್ಗು ಬಂದು ಹೋಗಿದೆ ಎಂದರ್ಥ. ಈಗ ಮೇಲಿರುವ ಮರದ ಲಗ್ಗು ಆ ಡ್ರಮ್ಮಿನದೇ, ಇನ್ನೊಂದರಿಂದ ಕಿತ್ತದ್ದೇ ಅಥವಾ ಹೊಸದಾಗಿ ಕಡೆಸಿದ್ದೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಲಗ್ಗಿನ ಅಡಿಯ ಬಣ್ಣ ಮಾಸಿರುವ ರೀತಿ, ಮೊಳೆಯ ತಲೆಯ ಸವೆತ, ಎಂಟು ಲಗ್ಗುಗಳ ಮರದ ಬಣ್ಣ ಒಂದಕ್ಕೊಂದು ಹೊಂದುತ್ತದೆಯೇ ಎಂಬುದೆಲ್ಲ ಸಾಕ್ಷ್ಯಗಳು. ಒಳ್ಳೆಯ ಪ್ರತಿಕೃತಿಗಳನ್ನು ಕಡೆದುಕೊಡುವ ಕುಶಲಿಗಳೂ ಇದ್ದಾರೆ. ಪ್ರತಿಕೃತಿ ಎಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಸೀಳಿದ ಲಗ್ಗನ್ನು ತೆಗೆದಿಟ್ಟು ಹೊಸದನ್ನು ಹಾಕಿ ನುಡಿಸಲು ಅದು ನೆರವಾಗುತ್ತದೆ.

ನುಡಿಸಬೇಕೇ ಬೇಡವೇ ಎಂಬುದೇ ಸಂಗ್ರಾಹಕರ ನಡುವಿನ ದೊಡ್ಡ ಜಗಳ. ಗಾಜಿನ ಕಪಾಟಿನಲ್ಲಿಟ್ಟರೆ ಮರ ಸೀಳದು, ಆದರೆ ಅದು ಡ್ರಮ್ಮಾಗಿ ಉಳಿಯದು ಎನ್ನುವವರು ಒಂದು ಕಡೆ. ನುಡಿಸುವ ಪ್ರತಿ ಸಲವೂ ಮರಳಿ ಬಾರದ ವಸ್ತುವೊಂದನ್ನು ಸವೆಸುತ್ತಿದ್ದೀರಿ ಎನ್ನುವವರು ಇನ್ನೊಂದು ಕಡೆ. ನಮ್ಮ ಒಲವು ಮೊದಲಿನವರ ಕಡೆಗೆ, ಒಂದು ಮಿತಿಯೊಳಗೆ. ಈ ಡ್ರಮ್ಮುಗಳನ್ನು ರೂಪಿಸಿದ್ದು ಕರುವಿನ ತೊಗಲಿನ ಬಿಗಿತಕ್ಕೆ. ಅದಕ್ಕೆ ಇಂದಿನ ಪ್ಲಾಸ್ಟಿಕ್ ಹೊದಿಕೆ ಹಾಕಿ, ಇಂದಿನ ಏರುಶ್ರುತಿಗೆ ತಿರುಪಿದರೆ ಲಗ್ಗು ತಾಳಲಾರದು. ತೊಗಲನ್ನೇ ಹಾಕಿ, ತಗ್ಗಿನ ಶ್ರುತಿಯಲ್ಲಿ ನುಡಿಸಿ, ನುಡಿಸಿದ ಮೇಲೆ ತಿರುಪು ಸಡಿಲಿಸಿಟ್ಟರೆ ಅದು ಇನ್ನೂ ಬಹುಕಾಲ ಬಾಳೀತು. ಹಾಗೆ ನುಡಿಸಿ ಕೇಳಿದವರು ಹೇಳುವುದು, ಲೋಹದ ಭಾರ ತಗ್ಗಿದ್ದರಿಂದ ಒಡಲು ಹೆಚ್ಚು ಬಿಡುವಾಗಿ ಮಿಡಿಯುತ್ತದೆ, ನಾದ ಬೆಚ್ಚಗಿರುತ್ತದೆ ಎಂದು. 1943ರಲ್ಲಿ ಯಾರೂ ಬಯಸದ ಮರದ ಬಳೆಯನ್ನು ಇಂದು ಹಲವು ಕಂಪನಿಗಳು ದುಬಾರಿ ಆಯ್ಕೆಯಾಗಿ ಮಾರುತ್ತಿರುವುದಕ್ಕೆ ಕಾರಣ ಈ ನಾದವೇ.

ಇನ್ನೊಂದು ಜಾತಿಯ ಡ್ರಮ್ಮುಗಳ ವಿಷಯ ಉಳಿದಿದೆ. 1946ರ ಸುಮಾರಿಗೆ ಮರ ಕಿತ್ತು ಲೋಹ ಹಾಕಿಸಿಕೊಂಡು, ಮುಂದೆ ದಶಕಗಳ ಕಾಲ ಮದುವೆ, ನೃತ್ಯ, ಶಾಲೆಯ ಬ್ಯಾಂಡುಗಳಲ್ಲಿ ದುಡಿದವು ಅವು. ಸಂತೆಯಲ್ಲಿ ಇವಕ್ಕೆ ಬೆಲೆಯಿಲ್ಲ. ಮೂಲವೂ ಅಲ್ಲ, ಪೂರ್ತಿ ಹೊಸದೂ ಅಲ್ಲ ಎಂದು ಪಕ್ಕಕ್ಕೆ ತಳ್ಳುತ್ತಾರೆ. ಕೆಲವರು ಇಂಥವನ್ನು ಅಗ್ಗಕ್ಕೆ ಕೊಂಡು, ಮರದ ಲಗ್ಗು ಕಡೆಸಿ ಕೂರಿಸಿ, 1942ರ ರೂಪಕ್ಕೆ ಹಿಂದಿರುಗಿಸುತ್ತಾರೆ. ಹಾಗೆ ಮಾಡುವಾಗ ಲೋಹದ ಲಗ್ಗಿನ ಎರಡನೆಯ ಜೊತೆ ತೂತುಗಳನ್ನು ಮೇಪಲ್ ಬೆಣೆ ಬಡಿದು ಮುಚ್ಚಬೇಕಾಗುತ್ತದೆ. ಇತ್ತೀಚೆಗೆ ಕೆಲವು ದುರಸ್ತಿಗಾರರು ಆ ಬೆಣೆಗೆ ಬಣ್ಣ ಬಳಿಯದೆ, ಒಳಮೈಯಲ್ಲಿ ಎದ್ದು ಕಾಣುವಂತೆ ಹಾಗೆಯೇ ಬಿಡುತ್ತಿದ್ದಾರೆ.